ತೊಳೆದರೆ ಮಾಯ, ಒಣಗಿದರೆ ಹಾಜರ್: ಪುಣೆಯ ಒಂದು ಕಾರಿನ ಕಿರ್ರ್ ಸದ್ದಿನ ಪ್ರಕರಣ

ನನ್ನ ಅಕ್ಕ-ಭಾವ ಪುಣೆಯ ವಾರ್ಜೆಯಲ್ಲಿದ್ದಾರೆ. ಅವರ ಕಾರು ಎಂಟು ವರ್ಷ ಹಳೆಯದು, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮೀಟರ್ 70 ಸಾವಿರ ಕಿ.ಮೀ. ದಾಟಿದೆ. ಭಾವ ದಿನಾ ಅದರಲ್ಲೇ ಹಿಂಜವಡಿಗೆ ಕೆಲಸಕ್ಕೆ ಹೋಗುತ್ತಾರೆ. ಚಾಂದನಿ ಚೌಕ, ಬಾವಧನ್, ಬಾಣೇರ್ ದಾಟಿ ಭೂಮ್ಕರ್ ಚೌಕದಲ್ಲಿ ಎಡಕ್ಕೆ. ರಜೆ ಬಂದರೆ ದಾವಣಗೆರೆಗೆ ಹೋಗುವುದೂ ಇದೇ ಕಾರಿನಲ್ಲಿ, ಇದೇ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ. ಗಾಡಿಯನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಸರ್ವಿಸ್ ತಪ್ಪಿಸಿಲ್ಲ.

ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ಒಂದು ಸದ್ದು ಶುರುವಾಯಿತು. ಸ್ಪೀಡ್ ಬ್ರೇಕರ್ ಹತ್ತುವಾಗ ಕಿರ್ರ್. ಇಳಿಯುವಾಗ ಮತ್ತೆ ಕಿರ್ರ್. ಡಿಸೆಂಬರ್ ಬರುವಷ್ಟರಲ್ಲಿ ಕಿಟಕಿ ಮುಚ್ಚಿದ್ದರೂ ಕೇಳುವಷ್ಟು ಜೋರಾಯಿತು. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಗು ಎದ್ದು ಕೂರುತ್ತಿತ್ತು.

ನಾನು ಚಾಕಣ್ ಕಡೆ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ರಬ್ಬರ್ ಭಾಗಗಳ ತಪಾಸಣೆ ಮಾಡುವವನು. ಹಾಗಾಗಿ ಭಾವ ನನಗೆ ಹೇಳಿದರು. ಈ ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಡಲು ಒಂದೇ ಕಾರಣ. ಇಂಥ ಸದ್ದಿಗೆ ಜನ ಒಂದಾದ ಮೇಲೊಂದು ಭಾಗ ಬದಲಿಸಿ ದುಡ್ಡು ಕಳೆದುಕೊಳ್ಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸದ್ದು "ಎಲ್ಲಿಂದ" ಅಂತ ಹುಡುಕಲು ಎಲ್ಲರೂ ಹೊರಡುತ್ತಾರೆ. "ಯಾವಾಗ ಬರುತ್ತೆ, ಯಾವಾಗ ಬರಲ್ಲ, ಯಾರಿಗೆ ಕೇಳುತ್ತೆ" ಅಂತ ಕೇಳುವವರು ಕಡಿಮೆ. ಈ ಕಾರಿನಲ್ಲಿ ಉತ್ತರ ಇದ್ದದ್ದೇ ಈ ಮೂರು ಪ್ರಶ್ನೆಗಳಲ್ಲಿ.

ಗ್ಯಾರೇಜಿನಲ್ಲಿ ಆಗಿದ್ದು

ಭಾವ ಮೊದಲು ದೊಡ್ಡ ಸರ್ವಿಸ್ ಸೆಂಟರ್ ಒಂದಕ್ಕೆ ಹೋದರು. ಅಲ್ಲಿ ಗಾಡಿ ಒಳಗೆ ಬಂದ ಕೂಡಲೇ ತೊಳೆಯುವುದು ಪದ್ಧತಿ. ಮೇಲೆ, ಕೆಳಗೆ, ಚಕ್ರದ ಒಳಗೆಲ್ಲ ಜೋರಾಗಿ ನೀರು ಹೊಡೆದರು. ಆಮೇಲೆ ಓಡಿಸಿ ನೋಡಿದರು. ಸದ್ದೇ ಇಲ್ಲ. "ಏನೂ ತೊಂದರೆ ಕಾಣಲಿಲ್ಲ" ಅಂತ ಬರೆದು ಕೊಟ್ಟರು. ಮರುದಿನವೂ ಸದ್ದಿಲ್ಲ. ಅದರ ಮಾರನೇ ದಿನ ಬೆಳಿಗ್ಗೆ ಸೊಸೈಟಿ ಗೇಟಿನ ಉಬ್ಬು ದಾಟುವಾಗಲೇ ಕಿರ್ರ್.

ಆಮೇಲೆ ಇನ್ನೊಂದು ಗ್ಯಾರೇಜ್. ಅವರು ಎರಡೂ ಕಡೆಯ ಲಿಂಕ್ ರಾಡ್ (ಮುಂದಿನ ಚಕ್ರಗಳ ನಡುವಿನ ಅಡ್ಡ ಸರಳಿನ ತುದಿಯನ್ನು ಹಿಡಿಯುವ ಸಣ್ಣ ಕಡ್ಡಿ) ಬದಲಿಸಿದರು. ಸದ್ದು ಹೋಗಲಿಲ್ಲ. ಮುಂದಿನ ಎರಡೂ ಶಾಕಪ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಬದಲಿಸಬೇಕು ಅಂದರು. ಸಾವಿರಾರು ರೂಪಾಯಿಯ ಮಾತು. ಭಾವ ಅಲ್ಲಿಗೆ ನಿಲ್ಲಿಸಿ ನನಗೆ ಫೋನ್ ಮಾಡಿದರು.

ಲಿಂಕ್ ರಾಡ್ ಬದಲಿಸಿದವರನ್ನು ನಾನು ಪೂರ್ತಿ ದೂರುವುದಿಲ್ಲ. ಗುಂಡಿ ರಸ್ತೆಗಳಲ್ಲಿ ಬೇಗ ಸವೆಯುವ ಭಾಗ ಅದು. ಆದರೆ ಸವೆದ ಲಿಂಕ್ ರಾಡ್ ಸಾಮಾನ್ಯವಾಗಿ ಕಟಕಟ ಅನ್ನುತ್ತದೆ, ಕಿರ್ರ್ ಅನ್ನುವುದಿಲ್ಲ. ಸಡಿಲವಾದ ಎರಡು ವಸ್ತು ಒಂದಕ್ಕೊಂದು ಬಡಿದರೆ ಬರುವ ಸದ್ದು ಒಂದು ಬಗೆ. ಎರಡು ಮೈಗಳು ಒತ್ತಿಕೊಂಡು ಉಜ್ಜಿದರೆ ಬರುವ ಸದ್ದು ಇನ್ನೊಂದು ಬಗೆ. ವಾಹನ ಕಂಪನಿಗಳ ಎಂಜಿನಿಯರ್‌ಗಳು ಮೊದಲನೆಯದನ್ನು ರ‍್ಯಾಟಲ್, ಎರಡನೆಯದನ್ನು ಸ್ಕ್ವೀಕ್ ಅಂತ ಬೇರೆ ಬೇರೆಯಾಗಿಯೇ ಹುಡುಕುತ್ತಾರೆ. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಬಾಯಲ್ಲಿ ಸದ್ದು ಮಾಡಿ ತೋರಿಸಿ ಅಂತ ಭಾವನಿಗೆ ಹೇಳಿದ್ದರೆ ಆ ಲಿಂಕ್ ರಾಡಿನ ಖರ್ಚು ಉಳಿಯುತ್ತಿತ್ತು.

ಮೊದಲು ಅಪಾಯದ ಭಾಗಗಳು

ಸದ್ದು ಹುಡುಕುವ ಮುಂಚೆ ಅಪಾಯ ಇದೆಯೇ ನೋಡಬೇಕು. ಬ್ರೇಕ್ ಪ್ಯಾಡ್ ಸವೆದು ತೆಳುವಾದಾಗ ಅದರಲ್ಲಿರುವ ಸಣ್ಣ ಲೋಹದ ನಾಲಿಗೆ ಡಿಸ್ಕಿಗೆ ತಾಗಿ ಕೀಂಯ್ ಅನ್ನುತ್ತದೆ. ಅದು ಬೇಕೆಂದೇ ಇಟ್ಟ ಎಚ್ಚರಿಕೆ. ಭಾವನ ಕಾರಿನಲ್ಲಿ ಪ್ಯಾಡ್ ಸಾಕಷ್ಟು ದಪ್ಪ ಇತ್ತು. ಬ್ರೇಕ್ ಒತ್ತಿದರೂ ಬಿಟ್ಟರೂ ಸದ್ದು ಬದಲಾಗಲಿಲ್ಲ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು ಲೋವರ್ ಆರ್ಮ್. ಅದರ ತುದಿಯ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಒಣಗಿದರೂ ಕಿರುಗುಟ್ಟಬಹುದು. ಅದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಅದರ ರಬ್ಬರ್ ಟೊಪ್ಪಿ ಹರಿದಿರಲಿಲ್ಲ, ಕೀಲು ಸಡಿಲವೂ ಆಗಿರಲಿಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೂ ಸದ್ದಿಲ್ಲ. ಎಂಜಿನ್ ಆಫ್ ಮಾಡಿ ಬಾನೆಟ್ ಅಂಚನ್ನು ಒತ್ತಿ ಬಿಟ್ಟರೆ ಸದ್ದು ಬರುತ್ತಿತ್ತು. ಅಲ್ಲಿಗೆ ಬೆಲ್ಟ್, ಪುಲ್ಲಿ ಎಲ್ಲ ಪಟ್ಟಿಯಿಂದ ಹೊರಗೆ.

ಇಬ್ಬರ ಜಗಳ, ಇಬ್ಬರ ಟಿಪ್ಪಣಿ

ಮನೆಯಲ್ಲಿ ಈ ಸದ್ದಿನ ಬಗ್ಗೆ ಸಣ್ಣ ಜಗಳವೇ ನಡೆದಿತ್ತು. ಭಾವ ಗಾಡಿ ಓಡಿಸುವವರು. "ಮುಂದೆ, ಎಡಗಡೆ ಚಕ್ರದ ಹತ್ರ" ಅನ್ನುತ್ತಿದ್ದರು. ಅಕ್ಕ ಮಗುವಿನ ಜೊತೆ ಹಿಂದೆ ಎಡಗಡೆ ಕೂರುತ್ತಾಳೆ. "ಹಿಂದೆ ಕಣೋ, ನನ್ನ ಬೆನ್ನ ಹತ್ರಾನೇ ಬರುತ್ತೆ" ಅಂತ ಅವಳ ವಾದ. ಗ್ಯಾರೇಜಿಗೆ ಹೋಗಿದ್ದು ಭಾವ ಒಬ್ಬರೇ. ಅಕ್ಕನ ಮಾತು ಯಾರಿಗೂ ತಲುಪಿರಲಿಲ್ಲ.

ಮುಚ್ಚಿದ ಕಾರಿನಲ್ಲಿ ಸದ್ದಿನ ದಿಕ್ಕು ಹೇಳುವುದು ಕಷ್ಟ. ಸುತ್ತ ಗಾಜು. ಸದ್ದು ಬಡಿದು ವಾಪಸ್ ಬರುತ್ತದೆ. ಕಬ್ಬಿಣದ ಚೌಕಟ್ಟಿನಲ್ಲಿ ಹರಿದು ಇನ್ನೆಲ್ಲೋ ಹೊರಬೀಳುತ್ತದೆ. ಆದ್ದರಿಂದ ದಿಕ್ಕನ್ನು ಬದಿಗಿಟ್ಟು ಇಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಬೇರೆ ಬೇರೆ ಬರೆದುಕೊಳ್ಳಿ ಅಂದೆ. ಹೊತ್ತು ಯಾವುದು, ಥಂಡಿಯೋ ಬಿಸಿಲೋ, ಗಾಡಿ ಒದ್ದೆಯೋ ಒಣಗಿದೆಯೋ, ಉಬ್ಬಿಗೆ ನೇರವಾಗಿ ಹತ್ತಿತೋ ಓರೆಯಾಗಿ ಹತ್ತಿತೋ, ಒಳಗೆ ಎಷ್ಟು ಜನ. ಒಬ್ಬರದನ್ನು ಇನ್ನೊಬ್ಬರು ನೋಡಬಾರದು.

ಕೆಲವು ದಿನದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. ಭಾವನ ಸದ್ದು ಬೆಳಿಗ್ಗೆ ಜಾಸ್ತಿ, ಮಧ್ಯಾಹ್ನ ಕಡಿಮೆ. ಪುಣೆಯ ಡಿಸೆಂಬರ್ ಹೇಗೆ ಅಂತ ಇಲ್ಲಿದ್ದವರಿಗೆ ಗೊತ್ತು. ಬೆಳಿಗ್ಗೆ 10 ಡಿಗ್ರಿ ಹತ್ತಿರ ಇರುವ ಥಂಡಿ ಮಧ್ಯಾಹ್ನಕ್ಕೆ 30ರ ಹತ್ತಿರ ಹೋಗುತ್ತದೆ. ಬೇಸ್‌ಮೆಂಟಿನಲ್ಲಿ ನಿಲ್ಲಿಸಿದ ರಾತ್ರಿಗಿಂತ ಹೊರಗೆ ನಿಲ್ಲಿಸಿದ ರಾತ್ರಿಯ ಮರುದಿನ ಸದ್ದು ಜೋರು. ಎರಡೂ ಚಕ್ರ ಒಟ್ಟಿಗೆ ಉಬ್ಬು ಹತ್ತಿದರೂ ಬರುತ್ತದೆ. ನಿಧಾನಕ್ಕೆ ಹತ್ತಿದಷ್ಟೂ ಉದ್ದವಾಗಿ ಎಳೆಯುತ್ತದೆ. ತೊಳೆದರೆ ಮಾಯ.

ಅಕ್ಕನ ಸದ್ದಿಗೆ ಹೊತ್ತುಗೊತ್ತಿಲ್ಲ. ಥಂಡಿ, ಬಿಸಿಲು, ತೊಳೆದದ್ದು, ತೊಳೆಯದ್ದು, ಯಾವುದೂ ಲೆಕ್ಕಕ್ಕಿಲ್ಲ. ನೇರವಾಗಿ ಉಬ್ಬು ದಾಟಿದಾಗ ಬರುವುದೇ ಇಲ್ಲ. ಬೇಸ್‌ಮೆಂಟಿನ ಇಳಿಜಾರಿಗೆ ತಿರುಗುವಾಗ ಮತ್ತು ಪೆಟ್ರೋಲ್ ಪಂಪಿನ ಅಂಚನ್ನು ಒಂದೇ ಚಕ್ರ ಮೊದಲು ಹತ್ತುವಾಗ ಮಾತ್ರ. ಅವಳು ಇನ್ನೊಂದು ಸಾಲು ಬರೆದಿದ್ದಳು: ಸೋಲಾಪುರ ರಸ್ತೆಯ ನರ್ಸರಿಯಿಂದ ಗಿಡ ತರಲು ಹಿಂದಿನ ಸೀಟು ಮಡಚಿದ್ದ ದಿನ ಆ ಸದ್ದು ಇರಲೇ ಇಲ್ಲ. ಈ ಇಡೀ ಪ್ರಕರಣದಲ್ಲಿ ಅಷ್ಟು ಬೆಲೆಬಾಳುವ ಸಾಲು ಇನ್ನೊಂದಿಲ್ಲ.

ಅಂದರೆ ಕಾರಿನಲ್ಲಿ ಇದ್ದದ್ದು ಒಂದು ಸದ್ದಲ್ಲ, ಎರಡು. ಅಕ್ಕ-ಭಾವ ಇಬ್ಬರೂ ಸರಿಯಾಗಿಯೇ ಕೇಳಿಸಿಕೊಂಡಿದ್ದರು.

ನೀರು ಬಿದ್ದರೆ ಯಾಕೆ ಸುಮ್ಮನಾಗುತ್ತದೆ

ರಬ್ಬರ್ ಲೋಹಕ್ಕೆ ಒತ್ತಿಕೊಂಡಾಗ ಮೊದಲು ಹಿಡಿದುಕೊಳ್ಳುತ್ತದೆ. ಲೋಹ ಅಲುಗಿದರೆ ಜೊತೆಗೆ ಎಳೆದಾಡುತ್ತದೆ. ಎಳೆತ ಜಾಸ್ತಿಯಾದಾಗ ತಟ್ಟನೆ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿ-ಬಿಡು ಸೆಕೆಂಡಿಗೆ ನೂರಾರು ಸಲ ನಡೆದರೆ ನಮಗೆ ಕಿರ್ರ್ ಅಂತ ಕೇಳುತ್ತದೆ. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ನಾದ ಬರುವುದೂ ಇದೇ ರೀತಿ. ನಿಂತಾಗಿನ ಹಿಡಿತ ಜಾರುವಾಗಿನ ಹಿಡಿತಕ್ಕಿಂತ ಬಲವಾಗಿರುವುದೇ ಇದರ ಮೂಲ. ನಡುವೆ ತೆಳ್ಳಗೆ ನೀರು ಬಂದರೆ ಆ ವ್ಯತ್ಯಾಸ ಕಡಿಮೆಯಾಗಿ ಸದ್ದು ನಿಲ್ಲುತ್ತದೆ. ಒಣಗಿದರೆ ಮತ್ತೆ ಶುರು. ಥಂಡಿಗೆ ರಬ್ಬರ್ ಬಿರುಸಾಗುತ್ತದೆ, ಆಗ ಇನ್ನೂ ಜೋರು.

ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಅಳತೆ ಪ್ರಕಾರ ಸ್ಪೀಡ್ ಬ್ರೇಕರ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಿತ್ತು. 25 ಕಿ.ಮೀ. ವೇಗದಲ್ಲಿ ದಾಟುವಂತೆ ಲೆಕ್ಕ ಹಾಕಿದ್ದು. ಅಂಥ ಉಬ್ಬಿನಲ್ಲಿ ಚಕ್ರಗಳನ್ನು ಗಾಡಿಯ ಮೈಗೆ ಜೋಡಿಸುವ ಸಸ್ಪೆನ್ಶನ್ ನಿಧಾನಕ್ಕೆ ಏರಿ ಇಳಿಯುತ್ತದೆ. ಸೊಸೈಟಿಗಳಲ್ಲಿ ಮೊಳೆ ಹೊಡೆದು ಕೂರಿಸಿದ ಕಿರಿದಾದ ಪಟ್ಟಿಗಳು ಬೇರೆ, ಅವು ಚಕ್ರವನ್ನು ಒಮ್ಮೆಲೇ ಎತ್ತಿ ಹಾಕುತ್ತವೆ. ಭಾವನ ಸದ್ದು ಅಗಲದ ಉಬ್ಬಿನಲ್ಲಿ ಉದ್ದ, ಕಿರಿದಾದ ಪಟ್ಟಿಯಲ್ಲಿ ಬರೀ ಕಿಚ್. ನಿಧಾನದ ಚಲನೆಯಲ್ಲಿ ಹಿಡಿ-ಬಿಡು ಜಾಸ್ತಿ, ಅದಕ್ಕೇ ಹೀಗೆ. ಶಾಕಪ್ ಮೇಲೆ ನನಗಿದ್ದ ಅನುಮಾನ ಇಲ್ಲಿಗೆ ಕಡಿಮೆಯಾಯಿತು. ಯಾವುದೋ ಒಂದು ರಬ್ಬರ್ ಬುಶ್ (ಲೋಹದ ಭಾಗಗಳ ನಡುವೆ ಕೂರಿಸುವ ರಬ್ಬರ್ ತುಂಡು) ಅಂತ ಹೆಚ್ಚುಕಡಿಮೆ ಖಚಿತವಾಯಿತು. ಯಾವುದು ಅನ್ನುವುದು ಉಳಿಯಿತು.

ನರ್ಹೆಯ ಮಿಸ್ತ್ರಿ

ಸಿಂಹಗಡ ರಸ್ತೆ ದಾಟಿ ನರ್ಹೆಯಲ್ಲಿ ನಮಗೆ ಪರಿಚಯದ ಒಬ್ಬ ಮಿಸ್ತ್ರಿ, ಅಂದರೆ ಕಾರು ಮೆಕ್ಯಾನಿಕ್, ಇದ್ದಾರೆ. ವಿಜಯಪುರ ಜಿಲ್ಲೆ ಇಂಡಿ ಕಡೆಯವರು. ಹುಡುಗನಾಗಿದ್ದಾಗಲೇ ಪುಣೆಗೆ ಬಂದು ಕೆಲಸ ಕಲಿತವರು. ಟಿಪ್ಪಣಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು: "ಅಣ್ಣಾರ, ಗಾಡಿ ತೊಳಿಸಬ್ಯಾಡ್ರಿ. ಹಂಗ ಧೂಳದಾಗ ತಗೊಂಬರ್ರಿ. ರಾತ್ರಿ ಇಲ್ಲೇ ಹೊರಗ ನಿಲ್ಲಲಿ, ಥಂಡಿ ಹಿಡೀಲಿ. ಮುಂಜಾನಿ ನೋಡೂಣು."

ಆ ಮಾತು ಕೇಳಿ ನನಗೆ ನಿಜವಾಗಿ ಸಂತೋಷವಾಯಿತು. ಸದ್ದು ಬರುವ ಸ್ಥಿತಿಯನ್ನು ಉಳಿಸಿಕೊಳ್ಳದೆ ಸದ್ದು ಹುಡುಕಲು ಆಗುವುದಿಲ್ಲ. ದೊಡ್ಡ ಸರ್ವಿಸ್ ಸೆಂಟರ್ ತೊಳೆದು ಕಳೆದದ್ದು ಇದನ್ನೇ.

ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ಕೆಲಸ ಶುರು. ಗಾಡಿಯನ್ನು, ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಗುಂಡಿಯ ಮೇಲೆ ನಿಲ್ಲಿಸಿದರು. ಚಕ್ರಗಳು ನೆಲದ ಮೇಲೇ ಇರಬೇಕು, ಜಾಕ್ ಹಾಕಿ ಎತ್ತಿದರೆ ಬುಶ್‌ಗಳ ಮೇಲಿನ ಭಾರವೇ ಬದಲಾಗಿ ಸದ್ದು ಅಡಗಿಬಿಡಬಹುದು. ನಾನು ಮೇಲಿನಿಂದ ಬಂಪರ್ ಒತ್ತಿ ಬಿಡುತ್ತಿದ್ದೆ. ಅವರು ಕೆಳಗೆ ನಿಂತು ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಒಂದೊಂದು ಭಾಗಕ್ಕೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದರು. ಲೋವರ್ ಆರ್ಮಿನಲ್ಲಿ ಸಣ್ಣಗೆ ಕೇಳಿತು. ಸ್ಟೆಬಿಲೈಸರ್ ಬಾರ್ ಮೇಲೆ ಜೋರಾಗಿ ಕೇಳಿತು. "ಇಲ್ಲಿ ಒದರಾಕತ್ತೈತಿ ನೋಡ್ರಿ" ಅಂದರು.

ಈ ಬಾರ್ ಬಗ್ಗೆ ಎರಡು ಮಾತು. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಹೋಗುವ ಉಕ್ಕಿನ ಸರಳು ಅದು. ತಿರುವಿನಲ್ಲಿ ಗಾಡಿ ಒಂದೇ ಕಡೆ ವಾಲದಂತೆ ತಡೆಯುತ್ತದೆ. ಎರಡು ತುದಿಯನ್ನು ಲಿಂಕ್ ರಾಡ್ ಹಿಡಿದಿರುತ್ತವೆ. ನಡುವಿನ ಭಾಗವನ್ನು ಎರಡು ಡಿ ಬುಶ್‌ಗಳು (ಇಂಗ್ಲಿಷಿನ ಡಿ ಅಕ್ಷರದ ಆಕಾರದ ರಬ್ಬರ್ ಬುಶ್‌ಗಳು) ಸಬ್‌ಫ್ರೇಮಿಗೆ, ಅಂದರೆ ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಒತ್ತಿ ಹಿಡಿಯುತ್ತವೆ. ಚಕ್ರ ಏರಿ ಇಳಿದಾಗಲೆಲ್ಲ ಬಾರ್ ಈ ಬುಶ್‌ಗಳ ಒಳಗೆ ಸ್ವಲ್ಪ ತಿರುಗುತ್ತದೆ. ಒಂದು ಚಕ್ರ ಏರಿದರೂ ತಿರುಗುತ್ತದೆ, ಎರಡೂ ಏರಿದರೂ ತಿರುಗುತ್ತದೆ. ಭಾವನ ಟಿಪ್ಪಣಿಗೆ ಇದು ಸರಿಯಾಗಿ ಹೊಂದಿತು.

ಆದರೂ ಬುಶ್ ಬಿಚ್ಚುವ ಮುಂಚೆ ಸಾಬೀತಾಗಬೇಕಿತ್ತು. ಎರಡೂ ಲಿಂಕ್ ರಾಡ್‌ಗಳ ಒಂದೊಂದು ತುದಿ ಕಳಚಿ, ಬಾರ್ ಅಲುಗದಂತೆ ಬಿಟ್ಟು ಬಂಪರ್ ಒತ್ತಿದೆವು. ಸದ್ದಿಲ್ಲ. ಮತ್ತೆ ಜೋಡಿಸಿದೆವು. ಸದ್ದು ಬಂತು. ಶಾಕಪ್ ಮತ್ತು ಲೋವರ್ ಆರ್ಮ್ ಎರಡೂ ಒಂದೇ ಏಟಿಗೆ ನಿರಪರಾಧಿಗಳಾದವು. ಕೆಲವು ಹಳೆಯ ಚಿಕ್ಕ ಕಾರುಗಳಲ್ಲಿ ಈ ಬಾರೇ ಲೋವರ್ ಆರ್ಮನ್ನು ಜಾಗದಲ್ಲಿ ಹಿಡಿದಿರುತ್ತದೆ. ಅಂಥ ಗಾಡಿಯಲ್ಲಿ ಬಾರನ್ನು ಹೀಗೆ ಕಳಚಬಾರದು.

ಲಿಂಕ್ ರಾಡ್ ಹೊಸದು. ಉಳಿದದ್ದು ಡಿ ಬುಶ್ ಎರಡು. ಸಣ್ಣ ಬಾಟಲಿಯಲ್ಲಿ ನೀರು ತುಂಬಿ, ಮೊದಲು ಬಲಗಡೆ ಬುಶ್‌ಗೆ ಮಾತ್ರ ಚಿಮ್ಮಿಸಿದೆವು. ಒತ್ತಿದರೆ ಕಿರ್ರ್. ಆಮೇಲೆ ಎಡಗಡೆಗೆ. ನಾಲ್ಕಾರು ಸಲ ಒತ್ತಿ ನೀರು ಒಳಗೆ ಹೋದ ಮೇಲೆ ಸದ್ದು ನಿಂತೇ ಹೋಯಿತು. ಭಾವ ಹೇಳಿದ ಎಡಗಡೆ ಸರಿ. ಆದರೆ ಅದು ಇದ್ದದ್ದು ಚಕ್ರದಿಂದ ಸಾಕಷ್ಟು ಒಳಗೆ, ಸ್ಟೀರಿಂಗ್ ರ‍್ಯಾಕ್ ಪಕ್ಕದಲ್ಲಿ. ಹಿಂದಿನ ಗ್ಯಾರೇಜಿನವರು ಚಕ್ರದ ಹತ್ತಿರ ಮಾತ್ರ ನೋಡಿದ್ದರು.

ಬಿಚ್ಚಿ ನೋಡಿದಾಗ ಕಾರಣ ಕಣ್ಣಿಗೇ ಕಂಡಿತು. ಬುಶ್‌ನ ಒಳಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಉಗುರಲ್ಲಿ ಒತ್ತಿದರೆ ಗುರುತೇ ಬೀಳದಷ್ಟು ಗಟ್ಟಿ. ಸೀಳಿನ ಒಳಗೆ ಬೂದು ಬಣ್ಣದ ನುಣ್ಣನೆ ಧೂಳು. ಬಾಣೇರ್, ಹಿಂಜವಡಿ ಕಡೆ ಮೆಟ್ರೊ ಕೆಲಸ ನಡೆಯುವಾಗ ದಿನಾ ಓಡಾಡಿದ ಗಾಡಿ. ಮಳೆಗಾಲದಲ್ಲಿ ಕೆಸರಾಗಿ ಒಳಗೆ ಹೋದದ್ದು ಒಣಗಿ ಪುಡಿಯಾಗಿ ಕೂತಿತ್ತು. ಬಾರ್ ಮೇಲೆ ಬಣ್ಣ ಎದ್ದು ಅಷ್ಟು ಭಾಗ ತುಕ್ಕು.

ಹೊಸ ಬುಶ್ ತರಲು, ವಾಹನದ ಬಿಡಿಭಾಗದ ಅಂಗಡಿಗಳಿರುವ ಪುಣೆಯ ನಾನಾ ಪೇಟೆಗೆ ಹೋದೆ. ಕಾರಿನ ಹೆಸರು ಹೇಳಿದ ಕೂಡಲೇ ಅಂಗಡಿಯವರು ಒಂದು ಜೊತೆ ಮುಂದಿಟ್ಟರು. ಇಲ್ಲಿ ಅವಸರ ಮಾಡಬಾರದು. ಒಂದೇ ಹೆಸರಿನ ಕಾರಿನಲ್ಲಿ ಎಂಜಿನ್ ಬೇರೆಯಾದರೆ ಬಾರಿನ ದಪ್ಪವೂ ಬೇರೆ ಇರಬಹುದು. ಒಂದು ಮಿಲಿಮೀಟರ್ ಸಡಿಲವಾದರೂ ಸದ್ದು ಹೋಗುವ ಬದಲು ಕಟಕಟ ಶುರುವಾಗುತ್ತದೆ. ಬಾರ್ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು, ಹಳೆಯ ಬುಶ್ ಜೊತೆಗಿಟ್ಟುಕೊಂಡೇ ಹೋಗಿದ್ದೆ. ಒಂದು ಜೊತೆಗೆ ಕೆಲವು ನೂರು ರೂಪಾಯಿ, ಅಷ್ಟೇ. ಒಂದು ಕಡೆಯದೇ ಒದರುತ್ತಿದ್ದರೂ ಎರಡನ್ನೂ ಬದಲಿಸಿದೆವು, ಎರಡಕ್ಕೂ ವಯಸ್ಸು ಒಂದೇ ಅಲ್ವಾ.

ಮಿಸ್ತ್ರಿ ಕೇಳಿದರು: "ಒಳಗ ಸ್ವಲ್ಪ ಗ್ರೀಸ್ ಹಚ್ಚೂಣೇನ್ರಿ?" ಬೇಡ ಅಂದೆ. ಇದು ನನ್ನ ಕೆಲಸದ ವಿಷಯ, ಹಾಗಾಗಿ ಒತ್ತಿ ಹೇಳುತ್ತೇನೆ. ಇಂಥ ಬುಶ್‌ಗಳಲ್ಲಿ ನೈಸರ್ಗಿಕ ರಬ್ಬರ್ ಬಳಕೆ ಜಾಸ್ತಿ. ಸಾಮಾನ್ಯ ಗ್ರೀಸ್ ಪೆಟ್ರೋಲಿಯಂ ಎಣ್ಣೆಯಿಂದ ಮಾಡಿದ್ದು. ಆ ಎಣ್ಣೆ ಕುಡಿದರೆ ಈ ರಬ್ಬರ್ ಉಬ್ಬಿ ಮೆತ್ತಗಾಗಿ ಹಾಳಾಗುತ್ತದೆ. ಎಂಜಿನ್ ಆಯಿಲ್ ಹನಿ ಹಾಕುವುದೂ ಇದೇ ತಪ್ಪು. ಕೆಲವು ದಿನ ಸದ್ದಿರುವುದಿಲ್ಲ, ಆಮೇಲೆ ಅಂಟಿಕೊಂಡ ಧೂಳಿನ ಜೊತೆ ಇಮ್ಮಡಿಯಾಗಿ ಬರುತ್ತದೆ. ಹಚ್ಚಲೇಬೇಕಾದರೆ ಸಿಲಿಕೋನ್ ಗ್ರೀಸ್, ಅದೂ ಕಾರಿನ ಕೈಪಿಡಿ ಒಪ್ಪಿದರೆ. ಕೆಲವು ಬುಶ್‌ಗಳ ರಬ್ಬರಿನಲ್ಲೇ ಜಾರುವ ಪದಾರ್ಥ ಬೆರೆಸಿರುತ್ತಾರೆ. ಸದ್ದಿನ ಕಾಟ ತಪ್ಪಿಸಲೆಂದೇ ಕೆಲವು ಕಾರುಗಳಲ್ಲಿ ಬುಶ್ಶನ್ನು ಬಾರಿಗೇ ಅಂಟಿಸಿಬಿಟ್ಟಿರುತ್ತಾರೆ, ಜಾರುವ ಮಾತೇ ಇಲ್ಲ.

ಮಿಸ್ತ್ರಿ ಬಾರಿನ ತುಕ್ಕನ್ನು ನುಣುಪು ಎಮರಿ ಕಾಗದದಲ್ಲಿ ಉಜ್ಜಿ, ಸಾಬೂನು ನೀರಲ್ಲಿ ಒರೆಸಿ ಒಣಗಿಸಿದರು. ಬುಶ್‌ನ ಸೀಳು ಹಳೆಯದರಲ್ಲಿ ಯಾವ ಕಡೆ ಇತ್ತೋ ಅದೇ ಕಡೆ ಬರುವಂತೆ ಕೂರಿಸಿದರು. ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಅವರ ಅಚ್ಚುಕಟ್ಟು.

ಅಕ್ಕನ ಸದ್ದು

ಮರುದಿನದ ಥಂಡಿಯಲ್ಲೂ ಭಾವನ ಸದ್ದು ಬರಲಿಲ್ಲ. ಅಕ್ಕನದು ಹಾಗೇ ಇತ್ತು.

ಒಂದು ಚಕ್ರ ಮಾತ್ರ ಮೇಲೆ ಹೋದಾಗ ಕಾರಿನ ಮೈ ತುಸು ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಹ್ಯಾಚ್‌ಬ್ಯಾಕ್‌ಗೆ ಹಿಂದೆ ದೊಡ್ಡ ಬಾಗಿಲಿನ ಬಾಯಿ ಇರುವುದರಿಂದ ಆ ಕಡೆ ಇನ್ನೂ ಸ್ವಲ್ಪ ಜಾಸ್ತಿ. ವಾಹನ ಕಂಪನಿಗಳಲ್ಲಿ ಕಾರನ್ನು ನಾಲ್ಕು ಕಂಬಗಳ ಯಂತ್ರದ ಮೇಲೆ ನಿಲ್ಲಿಸಿ ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ಎತ್ತಿಳಿಸಿ ಇಂಥ ಸದ್ದು ಹುಡುಕುತ್ತಾರೆ. ನಮಗೆ ಬೇಸ್‌ಮೆಂಟಿನ ಇಳಿಜಾರೇ ಸಾಕಾಯಿತು. ಭಾವ ನಿಧಾನಕ್ಕೆ ಓರೆಯಾಗಿ ಹತ್ತಿಸಿದರು. ನಾನು ಹಿಂದೆ ಕೂತು ಒಂದೊಂದೇ ಜಾಗವನ್ನು ಅಂಗೈಯಲ್ಲಿ ಒತ್ತಿ ಹಿಡಿದೆ. ಬಾಗಿಲಿನ ರಬ್ಬರ್ ಮೇಲೆ ಕಾಗದದ ಟೇಪ್ ಅಂಟಿಸಿದರೂ ಸದ್ದು ಬಂತು. ಹಿಂದಿನ ಸೀಟಿನಾಚೆ ಸಾಮಾನಿನ ಮೇಲೆ ಮುಚ್ಚುವ ಹಲಗೆ ತೆಗೆದರೂ ಬಂತು. ಸೀಟಿನ ಬೆನ್ನನ್ನು ಎಡತುದಿಯಲ್ಲಿ ಹಿಂದಕ್ಕೆ ಜೋರಾಗಿ ಒತ್ತಿದಾಗ ನಿಂತಿತು.

ಸೀಟು ಮಡಚಿ ನೋಡಿದರೆ ವಿಷಯ ಸರಳ. ಸೀಟಿನ ಬೆನ್ನನ್ನು ಹಿಡಿಯಲು ಕಾರಿನ ಗೋಡೆಯಲ್ಲಿ ಯು ಆಕಾರದ ಕಬ್ಬಿಣದ ಕೊಕ್ಕೆ ಇರುತ್ತದೆ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸವೆದು ಲೋಹ ಕಾಣುತ್ತಿತ್ತು. ಮೈ ತಿರುಚಿದಾಗಲೆಲ್ಲ ಕೊಕ್ಕೆ ಮತ್ತು ಸೀಟಿನ ಚಿಲಕ ಒಂದಕ್ಕೊಂದು ಉಜ್ಜುತ್ತಿದ್ದವು. ಸೀಟು ಮಡಚಿದ ದಿನ ಉಜ್ಜಲು ಚಿಲಕವೇ ಇರಲಿಲ್ಲ. ಒಳಗಿನ ಜಾಗ, ನೀರು ತಾಗುವುದಿಲ್ಲ. ಅದಕ್ಕೇ ತೊಳೆದರೂ ತೊಳೆಯದಿದ್ದರೂ ಒಂದೇ.

ಕಾರಿನ ವೈರುಗಳಿಗೆ ಸುತ್ತುವ ಬಟ್ಟೆಯ ಟೇಪನ್ನು ಕೊಕ್ಕೆಗೆ ಬಿಗಿಯಾಗಿ ಒಂದು ಸುತ್ತು ಸುತ್ತಿದೆವು. ಜಾಸ್ತಿ ಸುತ್ತಿದರೆ ಚಿಲಕ ಪೂರ್ತಿ ಕೂರುವುದಿಲ್ಲ. ಅಪಘಾತದಲ್ಲಿ ಸೀಟಿನ ಬೆನ್ನು ಮುಂದಕ್ಕೆ ಬಿದ್ದರೆ ಮಗುವಿಗೆ ಅಪಾಯ. ಆದ್ದರಿಂದ ಚಿಲಕ ಟಕ್ ಅಂತ ಬಿದ್ದಿದೆಯೇ, ಎಳೆದರೆ ಬರುತ್ತದೆಯೇ ಅಂತ ಎರಡೂ ಕಡೆ ನೋಡಿದ ಮೇಲೆಯೇ ಅಕ್ಕನನ್ನು ಕೂರಿಸಿಕೊಂಡು ಇಳಿಜಾರು ಹತ್ತಿಸಿದೆವು. "ಇಲ್ಲ, ಈಗ ಏನೂ ಇಲ್ಲ" ಅಂದಳು.

ಒಂದು ಕೆಲಸ ಬಾಕಿ ಇದೆ. ಗುಂಡಿಯಲ್ಲಿ ನಿಂತು ನೋಡುವಾಗ ಬಲಗಡೆ ಲೋವರ್ ಆರ್ಮಿನ ಹಿಂದಿನ ಬುಶ್‌ನಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡಿದ್ದವು. ಅದಕ್ಕೂ ಈ ಸದ್ದಿಗೂ ಸಂಬಂಧ ಇಲ್ಲ. ಈಗಲೇ ಬದಲಿಸುವ ಅವಸರವೂ ಇಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಟೈರ್ ಬದಲಿಸುವುದಿದೆ, ವೀಲ್ ಅಲೈನ್‌ಮೆಂಟ್ ಹೇಗೂ ಮಾಡಿಸಬೇಕು, ಆಗಲೇ ಅದನ್ನೂ ಹಾಕಿಸೋಣ ಅಂತ ಭಾವನಿಗೆ ಹೇಳಿದ್ದೇನೆ. ಆ ಬುಶ್‌ನ ಬೋಲ್ಟನ್ನೂ ಚಕ್ರ ನೆಲದ ಮೇಲಿರುವಾಗಲೇ ಬಿಗಿ ಮಾಡಬೇಕು. ಗಾಡಿ ಎತ್ತಿದಾಗ ಬಿಗಿ ಮಾಡಿದರೆ ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂತಿರುತ್ತದೆ, ಬೇಗ ಹರಿಯುತ್ತದೆ. ಭಾವ ಅದನ್ನು ಫೋನಿನ ಅದೇ ಟಿಪ್ಪಣಿಯ ಕೆಳಗೆ ಬರೆದುಕೊಂಡಿದ್ದಾರೆ.